ಹೊರಗಿನ ಗೆರೆ

ಜನವರಿ ೯, ಗುರುವಾರ

ದಟ್ಟ ಮಂಜು. ಶಿವಾಲದ ತಿರುವಿನಲ್ಲಿ ಟೋಟೋ ರಿಕ್ಷಾ ಸಿಗಲಿಲ್ಲ. ಇದ್ದವೆಲ್ಲ ಕುಂಭಕ್ಕೆ ಹೊರಟವರನ್ನು ನಿಲ್ದಾಣಕ್ಕೆ ಸಾಗಿಸುತ್ತಿವೆ. ಆಸ್ಪತ್ರೆಗೆ ನಡೆದೇ ಹೋದೆ.

ರೇಡಿಯಾಲಜಿಸ್ಟ್ ಡಾ. ನೀಲಿಮಾ ರಾಯ್ ಹೊಸ ಪ್ರಕರಣವೊಂದನ್ನು ಕೊಟ್ಟರು. ಎಡ ಸ್ತನದಲ್ಲಿ ಗಡ್ಡೆ, ವಯಸ್ಸು ಅರವತ್ತು. ನಿಯಮದಂತೆ ಹೆಸರಿನ ಜಾಗದಲ್ಲಿ ಸಂಖ್ಯೆ ಮಾತ್ರ ಇದೆ. ಆದರೆ ಚಿತ್ರ ತೆಗೆದ ದಿನ ಮತ್ತು ವೇಳೆಯಿಂದ ಅದು ಯಾರದೆಂದು ತಿಳಿಯಿತು. ಆ ದಿನ ಅಣ್ಣನನ್ನೂ ಅವನ ಪತ್ನಿಯನ್ನೂ ಮ್ಯಾಮೊಗ್ರಾಮ್ ಕೋಣೆಯ ಬಾಗಿಲವರೆಗೆ ಕರೆತಂದವನು ನಾನೇ. ಇದನ್ನು ಡಾ. ರಾಯ್ ಅವರಿಗೆ ತಿಳಿಸಿ, ಕೆಲಸವನ್ನು ಬೇರೆಯವರಿಗೆ ವಹಿಸುವುದು ಉಚಿತ ಎಂದೆ.

"ಔರ್ ಕೌನ್ ಕರೇಗಾ, ಪದ್ಮನಾಭ್‌ಜೀ?" ಎಂದರು. ಮಾಡಬಲ್ಲವರು ಇಲ್ಲಿ ಇನ್ನೊಬ್ಬರಿಲ್ಲ ಎಂಬುದು ನಿಜ.

ಅಣ್ಣನ ಪತ್ನಿಯನ್ನು ಮನೆಯಲ್ಲಿ ‘ವೈನಿ’ ಎಂದು ಕರೆಯುತ್ತೇನೆ. ಇಲ್ಲಿ ಆ ಪದಕ್ಕೆ ಕೆಲಸವಿಲ್ಲ. ‘ರೋಗಿ’ ಎಂದು ಬರೆಯುತ್ತೇನೆ.

ಜನವರಿ ೧೧, ಶನಿವಾರ

ಸಮಸ್ಯೆಯನ್ನು ಸ್ಪಷ್ಟವಾಗಿ ಬರೆದುಕೊಳ್ಳುವುದು ಒಳ್ಳೆಯದು.

ರೋಗಿಯ ಮ್ಯಾಮೊಗ್ರಾಮಿನಲ್ಲಿ ಗಡ್ಡೆ ಕಾಣುವುದಿಲ್ಲ, ಅಂಗಾಂಶ ದಟ್ಟವಾಗಿದೆ. ಕಾಣುವುದು ಸಣ್ಣ ರವೆಯಂತಹ ಸುಣ್ಣದ ಹರಳುಗಳ ಒಂದು ಗುಂಪು. ಅಲ್ಟ್ರಾಸೌಂಡಿನಲ್ಲಿ ಗಡ್ಡೆ ಕಾಣುತ್ತದೆ, ಹರಳುಗಳು ಕಾಣುವುದಿಲ್ಲ. ಗಡ್ಡೆಗೆ ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇರುವುದು ಖಚಿತವಾಗಿದೆ. ಹರಳುಗಳು ಗಡ್ಡೆಯೊಳಗೇ ಇವೆಯೋ, ಬೇರೆ ಜಾಗದಲ್ಲಿವೆಯೋ ಎಂಬುದು ತಿಳಿಯಬೇಕು. ಒಂದೇ ಜಾಗವಾದರೆ ಅಷ್ಟನ್ನೇ ಕತ್ತರಿಸಿ ತೆಗೆಯುತ್ತಾರೆ. ಎರಡಾದರೆ ಸ್ತನವನ್ನು ಪೂರ್ತಿಯಾಗಿ ತೆಗೆಯಬೇಕಾಗುತ್ತದೆ. ಹರಳುಗಳಿರುವಲ್ಲಿಂದಲೇ ಚೂರು ತೆಗೆಯುವ ಯಂತ್ರ ನಮ್ಮಲ್ಲಿಲ್ಲ. ಆದ್ದರಿಂದ ಎಂಆರ್‌ಐ ತೆಗೆದು, ಅದನ್ನು ಮ್ಯಾಮೊಗ್ರಾಮಿಗೆ ಹೊಂದಿಸಿ ನೋಡಬೇಕು.

ಕಷ್ಟವಿರುವುದು ಭಂಗಿಯಲ್ಲಿ. ಮ್ಯಾಮೊಗ್ರಾಮಿಗೆ ನಿಂತು, ಎರಡು ಫಲಕಗಳ ನಡುವೆ ಒತ್ತಿಸಿಕೊಳ್ಳಬೇಕು. ಎಂಆರ್‌ಐಗೆ ಬೋರಲು ಮಲಗಬೇಕು. ಅಂಗ ಕೆಳಕ್ಕೆ ಜೋಲುತ್ತದೆ. ಅಲ್ಟ್ರಾಸೌಂಡಿಗೆ ಅಂಗಾತ. ದೇಹದೊಳಗಿನ ಒಂದೇ ಬಿಂದು ಮೂರು ಚಿತ್ರಗಳಲ್ಲಿ ಮೂರು ಕಡೆ ಇರುತ್ತದೆ. ಮೂರೂ ಸುಳ್ಳಲ್ಲ.

ರಾತ್ರಿ ಬಡಿಸುವಾಗ ರೋಗಿ ಕೇಳಿದರು, "ನೀ ಅಲ್ಲೆ ಮಾಡೋದಾರ ಏನೋ ಪದ್ದು? ಡಾಕ್ಟರೂ ಅಲ್ಲ, ಕಂಪೌಂಡರೂ ಅಲ್ಲ."

"ಹೊಂದಸೋದು, ವೈನಿ. ಒಂದು ಚಿತ್ರಕ್ಕ ಇನ್ನೊಂದು ಚಿತ್ರ."

"ಅಷ್ಟಕ್ಕ ಇಷ್ಟು ಓದಬೇಕಿತ್ತೇನು? ನಿಮ್ಮಣ್ಣನ ಜೋಡಿ ನಾ ನಲವತ್ತು ವರ್ಷದಿಂದ ಅದನ್ನ ಮಾಡ್ಲಿಕ್ಕತ್ತೀನಿ."

ಅಣ್ಣ ಶೇಷಗಿರಿ ಅನ್ನದಿಂದ ತಲೆ ಎತ್ತಲಿಲ್ಲ. ಅವನ ಮಗಳು ಸಾತ್ವಿಕಾ ಬಹಳ ಹೊತ್ತು ನಕ್ಕಳು.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಕರ್ನಾಟಕದಿಂದ ಬಂದವರು ಪ್ರಯಾಗದ ಸ್ನಾನ ಮುಗಿಸಿ ಇಲ್ಲಿಗೆ ಬರುತ್ತಿದ್ದಾರೆ. ಬಂಗಾಲಿ ಟೋಲಾದ ವಸತಿಗೃಹಗಳು ತುಂಬಿರುವುದರಿಂದ ನಮ್ಮ ಅಟ್ಟದ ಮೇಲೂ ಜನರಿದ್ದಾರೆ. ಅಣ್ಣ ಬೆಳಗಿನಿಂದ ಘಾಟಿನಲ್ಲಿ ಪಿಂಡ ಹಾಕಿಸುತ್ತಿದ್ದಾನೆ. ಸಾತ್ವಿಕಾ ಸೋನಾರ್‌ಪುರಾದಿಂದ ಎಳ್ಳು, ಬೆಲ್ಲ, ಹಸಿ ಅರಿಶಿನ ತಂದಳು. ಅಡುಗೆಯನ್ನು ಮಾಮೂಲಿನಂತೆ ರೋಗಿಯೇ ಮಾಡಿದರು. ಬೇಡವೆಂದವರಿಗೆ, "ನಾಳೆ ಯಂತ್ರದಾಗ ಮಲಗೋದದ ಅಲಾ, ಆವಾಗ ವಿಶ್ರಾಂತಿ" ಎಂದರು.

ಜನವರಿ ೧೫, ಬುಧವಾರ

ಎಂಆರ್‌ಐ ಆಯಿತು. ಕೋಣೆಯ ಹೊರಗೆ ತಾಳಿಯ ವಿಷಯಕ್ಕೆ ವಿಳಂಬವಾಯಿತು. ಲೋಹವೇನೂ ಮೈಮೇಲಿರಬಾರದು.

"ಅರ್ಧಾ ತಾಸಿನ ಮಾತು" ಎಂದ ಅಣ್ಣ. "ನಾನೇ ಎದುರಿಗೆ ನಿಂತೀನಿ ಅಲ್ಲ?"

"ನೀವು ನಿಂತೀರಿ, ಖರೆ. ಮದುವಿ ದಿನದಿಂದ ಕೊಳ್ಳು ಬರಿದಾಗಿಲ್ಲ ನಂದು."

ಸಾತ್ವಿಕಾ ಬಟ್ಟೆ ಬದಲಿಸುವ ಕೋಣೆಗೆ ಜೊತೆಯಲ್ಲಿ ಹೋದಳು. ಹೊರಬಂದಾಗ ತಾಳಿ ಅವಳ ಕೈಯಲ್ಲಿತ್ತು. ರೋಗಿಯ ಮುಖದಲ್ಲಿ ಅಸಮಾಧಾನವಿರಲಿಲ್ಲ. ಅವರು ಇಷ್ಟು ಬೇಗ ಒಪ್ಪುತ್ತಾರೆಂದು ನಿರೀಕ್ಷಿಸಿರಲಿಲ್ಲ. ಉಳಿದದ್ದೆಲ್ಲ ಸುಗಮ. ಚಿತ್ರಗಳು ಅಲುಗಿಲ್ಲ.

ಜನವರಿ ೧೭, ಶುಕ್ರವಾರ

ಹೊಂದಿಸುವ ಕೆಲಸ ಮುಗಿಯಿತು.

ವಿಧಾನ ಎಂದಿನದೇ. ಬೋರಲು ಮಲಗಿದಾಗ ಜೋಲುವ ಅಂಗದ ಎಲ್ಲಕ್ಕಿಂತ ಕೆಳಗಿನ ತುದಿಯನ್ನು ತಂತ್ರಾಂಶ ತೊಟ್ಟು ಎಂದು ಗುರುತಿಸುತ್ತದೆ. ಎಲ್ಲ ದೂರಗಳೂ ಅಲ್ಲಿಂದ ಆರಂಭ. ಗುರುತು ಸರಿಯಾದ ಜಾಗದಲ್ಲಿ ಬಿದ್ದಿದೆಯೇ ಎಂದು ನೋಡಲು ಚರ್ಮದ ಹೊರಗಿನ ಗೆರೆಯನ್ನು ಕಡೆದ ಮೂರ್ತಿಯಂತೆ ತೋರಿಸುವ ನೋಟವೊಂದಿದೆ. ಸಾಮಾನ್ಯವಾಗಿ ಅದನ್ನು ತೆರೆಯುತ್ತೇನೆ. ಈ ಪ್ರಕರಣದಲ್ಲಿ ಅವಶ್ಯವೆನಿಸಲಿಲ್ಲ. ಒಳಗಿನ ಅಡ್ಡಸೀಳುಗಳು ಬರಿಯ ಬೂದು ಬಣ್ಣದ ಅಂಕಿಗಳು. ಅವು ಯಾರ ಹಾಗೂ ಕಾಣುವುದಿಲ್ಲ.

ಫಲಿತಾಂಶ: ಗಡ್ಡೆಗೂ ಹರಳುಗಳಿಗೂ ನಡುವೆ ಮೂವತ್ತೊಂದು ಮಿಲಿಮೀಟರ್. ಎರಡು ಬೇರೆ ಜಾಗಗಳು.

ಡಾ. ರಾಯ್ ಬಾಗಿಲಲ್ಲೇ ನಿಂತು ಕೇಳಿದರು: "ಏಕ್ ಯಾ ದೋ?"

"ದೋ" ಎಂದೆ. ವರದಿಗೆ ಸಹಿ ಮಾಡಿದೆ.

ಜನವರಿ ೧೮, ಶನಿವಾರ

ಶಸ್ತ್ರಚಿಕಿತ್ಸಕರು ಬೆಳಿಗ್ಗೆಯೇ ವಿಷಯ ತಿಳಿಸಿದ್ದರು. ಸಂಜೆ ಮನೆಗೆ ಬಂದಾಗ ಮಾತು ನಡೆದಿತ್ತು. ಅತ್ತಿಗೆ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು.

"ಡಾಕ್ಟರ್ ಹೇಳ್ಯಾರ ಅಂದಮ್ಯಾಲೆ ಮುಗೀತು" ಎಂದ ಅಣ್ಣ. "ಪೂರಾ ತಗೀಬೇಕಂದ್ರ ತಗೀಬೇಕು."

"ನೀವು ಸುಮ್ಮನಿರ್ರಿ. ಮಂತ್ರಾಕ್ಷತೆಗೆ ಒಡದ ಕಾಳು ಒಂದು ಬಂದ್ರ ಇಡೀ ತಟ್ಟಿ ವಾಪಸ್ ಕಳಸ್ತೀರಿ ನೀವು. ಮುಂಜಾನಿಂದ ಅದನ್ನ ಆರಸ್ಲಿಕ್ಕತ್ತೀನಿ ನಾ. ಈಗ ನನ್ನ ಅರ್ಧಾ ಮಾಡಿ ಮಣಿಕರ್ಣಿಕಾಕ್ಕ ಕಳಸ್ತೀರೇನು?"

"ಅಮ್ಮಾ, ಐಸಾ ಮತ್ ಬೋಲೋ" ಎಂದು ಸಾತ್ವಿಕಾ ಅಳತೊಡಗಿದಳು. "ಸುಡೋ ಘಾಟಿನ ಮಾತು ಯಾಕ ಈಗ?"

"ಎಲ್ಲಾರೂ ಹೋಗೋದ ಅಲ್ಲಿಗೇ ಅಲ್ಲೇನವಾ. ನಿಮ್ಮಪ್ಪ ದಿನಾ ಮಂದೀನ್ನ ಕರಕೊಂಡು ಹೋಗ್ತಾರ. ಒಂದು ಚೂರು ತಗೀತೀನಿ ಅಂದ್ರ ತಗೀಲಿ, ಕೊಡ್ತೀನಿ. ಪೂರಾ ಅಂದ್ರ ನಾ ಆಸ್ಪತ್ರಿ ಮೆಟ್ಟಲಾ ಹತ್ತಂಗಿಲ್ಲ."

ಆಮೇಲೆ ನನ್ನನ್ನು ನೋಡಿದರು. "ಎರಡದ ಅಂದಾವ ನೀನೇ ಅಂತ?"

"ಲೆಕ್ಕ ಹಂಗ ಬಂದದ, ವೈನಿ."

"ಇರಲಿ ಬಿಡು. ಲೆಕ್ಕಕ್ಕ ನಾ ಯಾರಂತ ಗೊತ್ತಿಲ್ಲಲ್ಲ."

ಚಿಕಿತ್ಸೆ ಪಡೆಯದಿದ್ದರೆ ಈ ಬಗೆಯ ಗಡ್ಡೆಯಲ್ಲಿ ಏನಾಗುತ್ತದೆಂಬ ಅಂಕಿಅಂಶಗಳು ನನಗೆ ಗೊತ್ತು. ಅವುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಜನವರಿ ೨೦, ಸೋಮವಾರ

ಮಂಜು. ಹೊಸ ಪ್ರಕರಣಗಳು. ಅತ್ತಿಗೆ ಅಟ್ಟದ ಮೇಲಿನವರಿಗೆಲ್ಲ ಎರಡು ಹೊತ್ತೂ ಅಡುಗೆ ಮಾಡುತ್ತಿದ್ದಾರೆ.

ಜನವರಿ ೨೧, ಮಂಗಳವಾರ

ಅಣ್ಣ ಊಟದ ನಂತರ ನನ್ನ ಕೋಣೆಗೆ ಬಂದು ಕುಳಿತ. ಅವನು ಹಾಗೆ ಬರುವುದಿಲ್ಲ. ಗೋಡೆಯ ಕಡೆ ನೋಡುತ್ತ, "ನಿನ್ನ ಯಂತ್ರ ತಪ್ಪಂಗಿಲ್ಲೇನು?" ಎಂದ.

"ತಪ್ಪಬಹುದು. ಆದರ ತಪ್ಪೇದ ಅನ್ನಲಿಕ್ಕೆ ಕಾರಣ ಬೇಕು."

"ಕಾರಣ" ಎಂದ. ಎದ್ದು ಹೋದ. ಅವನ ನಡೆ ಅಪ್ಪನದರ ಹಾಗೆ ಆಗಿದೆ.

ಜನವರಿ ೨೩, ಗುರುವಾರ

ಈ ದಿನದ ಸಂಗತಿಯನ್ನು ಕ್ರಮವಾಗಿ ಬರೆಯಬೇಕು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಮುಧೋಳದ ಯಾತ್ರಿಕರಲ್ಲಿ ವಯಸ್ಸಾದ ಹೆಂಗಸೊಬ್ಬರು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅತ್ತಿಗೆಯೊಂದಿಗೆ ಮಾತನಾಡುತ್ತಿದ್ದರು. ನಾನು ಪಕ್ಕದ ಪಡಸಾಲೆಯಲ್ಲಿ ಎಲೆಯ ಮುಂದೆ.

"ಅಯ್ಯ, ತಾಳಿ ತಗಸ್ತಾರಂತ ಅಲ್ಲೇನ್ರಿ ಆ ಯಂತ್ರಕ್ಕ?" ಎಂದರು ಆಕೆ. "ನಮ್ಮ ನಾದಿನಿ ಅದಕ್ಕಂತನ ಹೋಗಲಿಲ್ಲ."

"ತಗಸ್ತಾರ. ಬಂಗಾರ ತಗದು ಮಗಳ ಕೈಯಾಗ ಕೊಟ್ಟೆ. ಆದರ ಒಂದು ಕ್ಷಣನೂ ಕೊಳ್ಳು ಬರಿದು ಬಿಡಲಿಲ್ಲರೀ. ಅರಿಶಿಣ ಕೊಂಬು ದಾರದಾಗ ಕಟ್ಟಿ, ಅಂಗಿ ಒಳಗ ಇಳಿಬಿಟ್ಟುಕೊಂಡು ಹೋಗಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಈ ಹುಡುಗಿ ಒಬ್ಬಾಕಿಗೆ ಬಿಟ್ಟು."

"ನಾ ತೋ ಬೋಲೀ ಥೀ, ಡಾಂಟ್ ಪಡೇಗೀ, ಬೈಸ್ಕೋತೀ ಅಂತ" ಎಂದಳು ಸಾತ್ವಿಕಾ.

ಪಡಸಾಲೆಯಿಂದಲೇ ಕೇಳಿದೆ: "ವೈನಿ, ಕೊಂಬು ಹಸೀದೋ ಒಣಾದೋ?"

ಈ ಮನೆಯಲ್ಲಿ ನಾನು ಇಂತಹ ಪ್ರಶ್ನೆಯನ್ನು ಹಿಂದೆ ಕೇಳಿದವನಲ್ಲ.

"ಹಸೀದು" ಎಂದರು ಅತ್ತಿಗೆ. "ಸಂಕ್ರಾಂತಿಗೆ ತಂದದ್ದು. ಒಣಾದು ದೇವರ ಕೋಣ್ಯಾಗಿತ್ತು, ನಾ ಮಡಿಯೊಳಗ ಇರಲಿಲ್ಲ. ಯಾಕ?"

"ದಾರ ಎಷ್ಟು ಉದ್ದ?"

"ಇದೇನೋ ಇವಂದು! ತಾಳಿ ಇರೋವಷ್ಟ ಉದ್ದ."

"ಕೊಂಬು?"

"ನಿನ್ನ ಹೆಬ್ಬೆರಳಷ್ಟು. ಸಾರು ಹಾಕಲೇನು, ಇಲ್ಲಾ ಅದನ್ನೂ ಅಳೀತೀಯೋ?"

ಮುಧೋಳದವರು ನಕ್ಕರು. ನಾನು ಎಲೆ ಬಿಟ್ಟು ಎದ್ದೆ. ಹಸಿ ಅರಿಶಿನದಲ್ಲಿ ನೀರಿದೆ. ನೀರಿರುವುದೆಲ್ಲ ಎಂಆರ್‌ಐನಲ್ಲಿ ಕಾಣುತ್ತದೆ. ಬೋರಲು ಮಲಗಿದಾಗ ಉದ್ದ ದಾರದ ಕೊಂಬು ಎಲ್ಲಕ್ಕಿಂತ ಕೆಳಗೆ ಜೋಲುತ್ತದೆ.

ಆಸ್ಪತ್ರೆಗೆ ಮರಳಿ ಹೊರಗಿನ ಗೆರೆಯ ನೋಟವನ್ನು ತೆರೆದೆ.

ಅಂಗದ ಒಳಮಗ್ಗುಲಿಗೆ ಅಂಟಿಕೊಂಡಂತೆ, ತೊಟ್ಟಿಗಿಂತಲೂ ಕೆಳಗೆ, ಸಣ್ಣ ಗೆಣ್ಣುಗಳಿದ್ದ ಬೆಳ್ಳನೆಯ ಆಕಾರವೊಂದು ಇತ್ತು. ತಂತ್ರಾಂಶ ಅದನ್ನು ಚರ್ಮವೆಂದೇ ತಿಳಿದಿತ್ತು. ಅದರ ತುದಿಯಲ್ಲಿ ಕೆಂಪು ಚುಕ್ಕೆಯಿಟ್ಟು, ಅದನ್ನು ತೊಟ್ಟು ಎಂದು ಕರೆದು, ಅಲ್ಲಿಂದ ಎಲ್ಲವನ್ನೂ ಅಳೆದಿತ್ತು. ಆರು ದಿನಗಳ ಹಿಂದೆ ಈ ನೋಟವನ್ನು ತೆರೆದಿದ್ದರೆ ಯಾವ ತರಬೇತಿಯಿಲ್ಲದವನಿಗೂ ಇದು ಕಾಣುತ್ತಿತ್ತು.

ಚುಕ್ಕೆಯನ್ನು ನಾನೇ ಸರಿಸಿ, ಅದಿರಬೇಕಾದಲ್ಲಿಟ್ಟು ಮತ್ತೆ ಹೊಂದಿಸಿದೆ. ಮೂವತ್ತೊಂದು ಮಿಲಿಮೀಟರ್ ನಾಲ್ಕಕ್ಕೆ ಇಳಿಯಿತು. ಗಡ್ಡೆಯ ಅಗಲವೇ ಹದಿನಾರು. ಅಂದರೆ ಹರಳುಗಳು ಅದರೊಳಗೇ ಇವೆ.

ಯಾರಿಗೂ ಹೇಳಿಲ್ಲ. ನನಗೆ ಬೇಕಾದ ಉತ್ತರ ಬಂದಿದೆ. ಬೇಡವಾದ ಉತ್ತರಕ್ಕಿಂತ ಇದನ್ನು ಹೆಚ್ಚು ಪರೀಕ್ಷಿಸಬೇಕು.

ಜನವರಿ ೨೪, ಶುಕ್ರವಾರ

ಬೆಳಿಗ್ಗೆ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯ ಹೊರಮೈಗೆ ಒಂದು ಹಸಿ ಕೊಂಬು, ಒಂದು ಒಣ ಕೊಂಬು ಕಟ್ಟಿ ಯಂತ್ರದೊಳಗೆ ಇಡಿಸಿದೆ. ತಂತ್ರಜ್ಞ ಸಂದೀಪ ಗಾಜಿನಾಚೆಯಿಂದ ನೋಡುತ್ತ, "ಸರ್, ಅಬ್ ಸಬ್ಜೀ ಕಾ ಭೀ ಎಂಆರ್‌ಐ ಹೋಗಾ?" ಎಂದ, ಇನ್ನು ತರಕಾರಿಗೂ ಎಂಆರ್‌ಐ ತೆಗೆಯುತ್ತೀರಾ ಎಂದು. ಹಸಿಯದು ಹೊಳೆಯಿತು. ಒಣಗಿದ್ದು ಇದ್ದ ಗುರುತೇ ಇಲ್ಲ.

ಡಾ. ರಾಯ್ ಅವರಿಗೆ ಡಬ್ಬಿಯ ಚಿತ್ರವನ್ನೂ ಹೊರಗಿನ ಗೆರೆಯ ನೋಟವನ್ನೂ ತೋರಿಸಿದೆ. ನನ್ನ ಅಂಕಿಯನ್ನು ಹೇಳಲಿಲ್ಲ. ತೊಟ್ಟನ್ನೂ ಎದೆಗೋಡೆಯನ್ನೂ ಅವರೇ ಕೈಯಾರೆ ಗುರುತಿಸಿ ಅಳೆಯಬೇಕೆಂದು ಕೇಳಿಕೊಂಡು ಹೊರಗೆ ನಿಂತೆ. ಕಾರಿಡಾರಿನ ಬೆಂಚಿನ ಮೇಲೆ ಹೆಂಗಸೊಬ್ಬಳು ಬಳೆಗಳನ್ನು ಒಂದೊಂದಾಗಿ ತೆಗೆದು ಗಂಡನ ಜೇಬಿಗೆ ಹಾಕುತ್ತಿದ್ದಳು. ಇಂಥದ್ದನ್ನು ಎಷ್ಟು ವರ್ಷದಿಂದ ದಾಟಿಕೊಂಡು ಹೋಗಿದ್ದೇನೋ ತಿಳಿಯದು.

ಡಾ. ರಾಯ್ ಬಾಗಿಲು ತೆರೆದು ಐದು ಬೆರಳು ತೋರಿಸಿದರು. ಐದು ಮಿಲಿಮೀಟರ್. "ಏಕ್ ಹೀ ಹೈ." ಒಂದೇ. ಮೊದಲ ಸಲ ನೋಡಿದಾಗ ಅವರು ಅದನ್ನು ಚರ್ಮದ ಮಡಿಕೆಯೆಂದು ಭಾವಿಸಿದ್ದರಂತೆ. ಆಮೇಲೆ, "ಆಪ್ ತೋ ಹಮೇಶಾ ಬಾಹರ್ ಕೀ ಲೈನ್ ದೇಖತೇ ಹೈಂ" ಎಂದರು. ನೀವು ಯಾವಾಗಲೂ ಹೊರಗಿನ ಗೆರೆ ನೋಡುವವರಲ್ಲವೇ ಎಂದು.

"ಇಸ್ ಬಾರ್ ನಹೀಂ ದೇಖಾ" ಎಂದೆ. ಈ ಸಲ ನೋಡಿರಲಿಲ್ಲ.

ಅವರು ಏಕೆಂದು ಕೇಳಲಿಲ್ಲ. ತಿದ್ದಿದ ವರದಿಯಲ್ಲಿ ಹಿಂದಿನ ವರದಿ ಏಕೆ ತಪ್ಪೆಂಬುದನ್ನು ಬರೆದು ಸಹಿ ಮಾಡಿದ್ದೇನೆ.

ಜನವರಿ ೨೫, ಶನಿವಾರ

ಏಕಾದಶಿ. ಒಲೆ ಹಚ್ಚಿರಲಿಲ್ಲ. ವೈನಿ ಮಾಳಿಗೆಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಬತ್ತಿ ಹೊಸೆಯುತ್ತಿದ್ದರು. ಅಣ್ಣ ಘಾಟಿಗೆ ಹೋಗಿದ್ದ. ನಾನು ಸ್ವಲ್ಪ ದೂರದಲ್ಲಿ ಕುಳಿತೆ.

"ಒಂದೇ ಅದ, ವೈನಿ. ಎರಡಲ್ಲ."

ಅವರ ಕೈ ನಿಲ್ಲಲಿಲ್ಲ. "ಮೊನ್ನೆ ಎರಡಿತ್ತು."

ಕೊಂಬಿನ ವಿಷಯ ಹೇಳಿದೆ. ತುದಿ, ಗುರುತು, ದೂರ ಎಲ್ಲವನ್ನೂ ಸಾಧ್ಯವಾದಷ್ಟು ಸರಳವಾಗಿ ಹೇಳಿದೆ. ಕೆಲವು ಪದಗಳನ್ನು ಅವರೆದುರು ಕನ್ನಡದಲ್ಲಿ ಉಚ್ಚರಿಸಲಾಗದೆ ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ಅರ್ಥವಾಯಿತು.

"ಹಂಗಾದ್ರ ಎಲ್ಲಾ ಕೆಡಿಸಿದಾಕಿ ನಾನೇ ಅನ್ನು."

"ಅಲ್ಲ. ಅರಿಶಿಣ ಅಲ್ಲೆ ಇದ್ದದ್ದು ಕಾಣಸ್ತಿತ್ತು. ನಾ ನೋಡಬೇಕಾದದ್ದು ನೋಡಿರಲಿಲ್ಲ."

"ಯಾಕ ನೋಡಲಿಲ್ಲ?"

ಕೆಳಗೆ ಓಣಿಯಲ್ಲಿ ಯಾರೋ ಗೂಳಿಯನ್ನು ಓಡಿಸುತ್ತಿದ್ದರು.

"ಪದ್ದು" ಎಂದರು. ಅವರ ಗಮನ ಬತ್ತಿಯ ಮೇಲೇ ಇತ್ತು. "ನೀ ಆ ಚಿತ್ರ ನೋಡಬಾರದು ಅಂತ ಅವತ್ತು ಯಂತ್ರದಾಗ ಮಲಗಿಕೊಂಡು ಅಷ್ಟೊತ್ತೂ ಗುರುರಾಯರ್ನ ನೆನಸಿದ್ದೆ. ನಾ ಈ ಮನಿಗೆ ಬಂದಾಗ ಚಡ್ಡಿ ಹಾಕ್ಕೊಳ್ಳಲಿಕ್ಕೆ ಬರ್ತಿರಲಿಲ್ಲ ನಿನಗ. ಯಾರು ನೋಡಿದ್ರೂ ಆಗ್ಲಿ, ಪದ್ದು ಒಬ್ಬಾಂವ ಬ್ಯಾಡ ಅಂತ."

"ಈಗ ನೋಡೀನಿ" ಎಂದೆ.

ಬತ್ತಿ ಹೊಸೆಯುವುದು ನಿಂತಿತು. ಬಹಳ ಹೊತ್ತಲ್ಲ.

"ಆತು" ಎಂದರು. "ನೋಡಿದ್ದಕ್ಕ ಒಂದಾತು. ರಾಯರಿಗೆ ನನಗಿಂತ ತಿಳೀತದ. ಡಾಕ್ಟರಿಗೆ ಹೇಳು, ಬರ್ತೀನಿ. ಒಂದು ಚೂರು ಅಂದಾರ, ಒಂದ ಚೂರು ಮತ್ತ."

ಆಮೇಲೆ ನನ್ನ ಮುಂದೆ ಹತ್ತಿ ತಳ್ಳಿ, "ಕೂತೀ ಅಂದ್ರ ಇದರಾಗಿನ ಬೀಜ ಬಿಡಸು" ಎಂದರು. ಬಿಡಿಸಿದೆ.

ಫೆಬ್ರವರಿ ೩, ಸೋಮವಾರ

ಮಂಜು ಇಲ್ಲವೆನ್ನುವಷ್ಟು ಕಡಿಮೆ.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನರ್ಸ್ ವೈನಿಯ ಕೊರಳು ನೋಡಿ, "ಮಾತಾಜೀ, ಯೇ ಭೀ ಉತಾರಿಯೇ" ಎಂದಳು. ತಾಳಿ ಮನೆಯಲ್ಲೇ ಬಿಟ್ಟು ಮತ್ತೆ ಕೊಂಬು ಕಟ್ಟಿಕೊಂಡಿದ್ದರು. ಅಣ್ಣ ಔಷಧಿ ತರಲು ಕೆಳಗೆ ಹೋಗಿದ್ದ. ಲೋಹವಲ್ಲವೆಂದು ನರ್ಸಿಗೆ ಹೇಳಿದೆ; ಒಳಗೆ ದಾರವೂ ಕೂಡದು ಎಂದಳು. ಬೆಳಿಗ್ಗೆ ಕಟ್ಟಿದವನು ಅಣ್ಣನೇ ಇರಬೇಕು. ಘಾಟಿನಲ್ಲಿ ಯಾತ್ರಿಕರ ಗಂಟುಗಳಿಗೆ ಹಾಕುವಂತಹ ಬಿಗಿ ಗಂಟು.

ವೈನಿ ತಲೆಯ ಮೇಲಿಂದ ದಾರವನ್ನು ತೆಗೆದರು. ಇಡಲು ಜಾಗ ಹುಡುಕುವವರಂತೆ ಒಂದು ಗಳಿಗೆ ಸುತ್ತ ನೋಡಿದರು. ಆಮೇಲೆ ನನ್ನ ಅಂಗೈಯಲ್ಲಿಟ್ಟರು.

"ಹಿಡಿ. ನಿನ್ನ ಯಂತ್ರಕ್ಕ ದೆವ್ವಾಗಿ ಕಾಡಿದ್ದು ಇದ. ನಿಮ್ಮಣ್ಣ ಬರೋತನಕ ಕೆಳಗ ಇಡಬ್ಯಾಡ."

ಅಣ್ಣ ಬಂದ ಮೇಲೂ ಕೊಡಲು ತೋಚಲಿಲ್ಲ; ಅವನೂ ಕೇಳಲಿಲ್ಲ. ಇಬ್ಬರೂ ಬೆಂಚಿನ ಮೇಲೆ ಕುಳಿತಿದ್ದೆವು.

ಮಧ್ಯಾಹ್ನ ಡಾ. ರಾಯ್ ಕರೆ ಕಳುಹಿಸಿದರು. ಕತ್ತರಿಸಿ ತೆಗೆದ ಭಾಗವನ್ನು ಎಕ್ಸ್‌ರೇ ಮಾಡಿ, ಬೇಕಾದುದೆಲ್ಲ ಅದರಲ್ಲಿದೆಯೇ ಎಂದು ನೋಡುವುದು ಪದ್ಧತಿ. ಚಿತ್ರ ಪರದೆಯ ಮೇಲೆ ಬಂದಾಗ ಮೊದಲು ಹೊರಗಿನ ಗೆರೆಯನ್ನು ನೋಡಿದೆ. ಆರಂಭಿಸಿದಲ್ಲಿಗೆ ಮತ್ತೆ ಬರುವವರೆಗೆ ಅದರ ಜೊತೆಗೇ ಸುತ್ತಿ ಬಂದೆ. ಆಮೇಲೆ ಒಳಗೆ ನೋಡಿದೆ. ಗಡ್ಡೆಯ ನೆರಳು, ಅದರ ನಡುವೆ ರವೆಯಂತಹ ಹರಳುಗಳು, ಸುತ್ತ ಅಗಲವಾಗಿ ಶುದ್ಧ ಅಂಗಾಂಶ. ಎಲ್ಲವೂ ಒಂದೇ ಚೂರಿನಲ್ಲಿ.

"ಠೀಕ್?" ಎಂದರು.

"ಠೀಕ್."

ಸಂದೀಪ ನನ್ನ ಮೌಸ್ ತೋರಿಸಿ, "ಸರ್, ಯೇ ಪೀಲಾ ಕೈಸೇ ಹೋ ಗಯಾ?" ಎಂದು ಆ ಹಳದಿ ಕಲೆಯನ್ನು ಒರೆಸಲು ಬಂದ. ಇರಲಿ ಎಂದೆ.

ಸಂಜೆ ವೈನಿಗೆ ಎಚ್ಚರವಾಯಿತು. ಪೂರ್ತಿ ಕಣ್ಣು ತೆರೆಯುವ ಮೊದಲೇ ಬಲಗೈ ಕೊರಳಿಗೆ ಹೋಗಿ ತಡಕಿತು. ಕೊಂಬನ್ನು ಅಣ್ಣನ ಕೈಗೆ ಕೊಟ್ಟೆ. ಅವರ ತಲೆ ಎತ್ತಿಸಬಾರದೆಂದು ಅವನು ಗಂಟು ಬಿಚ್ಚಿ, ಬಗ್ಗಿ ಕಟ್ಟತೊಡಗಿದ. ದಿಂಬಿನ ಮೇಲಿನ ಕೊರಳ ಹಿಂದೆ ಕೈ ಆಡದೆ ಗಂಟು ಬೀಳಲಿಲ್ಲ. ದಾರದ ಒಂದು ತುದಿಯನ್ನು ನಾನು ಹಿಡಿದುಕೊಂಡೆ.

ಕೊಂಬಿನ ಉದ್ದವನ್ನು ದಾಖಲೆಗಾಗಿ ಅಳೆದಿಡಬೇಕೆಂದಿದ್ದೆ. ಇಡೀ ದಿನ ಕೈಯಲ್ಲೇ ಇತ್ತು. ನೆನಪಾಗಲಿಲ್ಲ.